ಅಕ್ಕನ ಜಾಗ ಅಕ್ಕನಿಗೇ

ಮಂಜಕ್ಕ,

ನೀನು ಏಳುವಷ್ಟರಲ್ಲಿ ನಾನು ಹೊರಟಿರುತ್ತೇನೆ. ಇವತ್ತು ಎಂಟೂವರೆಗೆ ಅಗರಬತ್ತಿ ಫ್ಯಾಕ್ಟರಿಗೆ ಹೋಗಬೇಕಾದವಳು ನೀನು, ನಾನಲ್ಲ. ಡಾಕ್ಟರ್ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟು ಟಿವಿ ಪಕ್ಕ ಇದೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು.

ಎದುರಿಗೆ ಹೇಳಿದರೆ ಜಗಳ ಆಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಸೂಪರ್‌ವೈಸರ್ ನನ್ನನ್ನು ಕರೆದು, "ನಿಮ್ಮಕ್ಕನ ಕೈಲಿ ಇನ್ನು ಆಗಕ್ಕಿಲ್ಲ. ಒಂದು ರಾಜೀನಾಮೆ ಬರೆಸ್ಕೊಂಡ್ ಬಂದ್ಬುಡು, ನಿನ್ನೇ ಖಾಯಂ ಮಾಡಿಸ್ತೀನಿ" ಅಂದ. ನಾಲ್ಕು ತಿಂಗಳು ನಿನ್ನ ಬದಲಿಗೆ ದುಡಿದೆನಲ್ಲ, ಒಂದು ಗಳಿಗೆ ಆಸೆಯಾದದ್ದು ನಿಜ. ಆದರೂ ನಿನ್ನನ್ನು ಹೇಗೆ ತೆಗೆಯುತ್ತಾರೆ ಅನ್ನೋ ಕುತೂಹಲ ತಡೆಯಲಾಗಲಿಲ್ಲ.

"ಇಲ್ಲಿನ ಮಿಷನ್ನಲ್ಲೇ ಬೆರಳು ಜಜ್ಜಿಸ್ಕೊಂಡೋಳನ್ನ ತೆಗೀಬೋದು ಅಂತ ಯಾವ ರೂಲ್ಸಲ್ಲಿದೆ ಸಾರ್? ಬರ್ದುಕೊಡಿ, ಓದ್ಕೋತೀನಿ" ಅಂದೆ.

ಅವನು ಪೆನ್ನು ಮುಟ್ಟಲಿಲ್ಲ. ನೇರ ಮ್ಯಾನೇಜರ್ ಮೇಡಂ ಹತ್ತಿರ ಹೋಗಿ ಅದನ್ನೇ ಕೇಳಿದೆ. "ಅಂಥ ರೂಲ್ಸು ಇಲ್ಲ ಕಣಮ್ಮ. ಮಿಷನ್‌ಗೆ ಬೆರಳು ಸಿಗದ ಹಾಗೆ ಗಾರ್ಡ್ ಹಾಕ್ಸಿದೀವಿ. ಅವಳ ಜಾಗ ಅವಳದೇ, ನಾಳೆಯಿಂದ ಕಳ್ಸು" ಅಂದರು. ಅದನ್ನೇ ಬರೆಸಿ, ಅವರ ಸಹಿ ಹಾಕಿಸಿಕೊಂಡು ಬಂದ ಪತ್ರ ಸರ್ಟಿಫಿಕೇಟಿನ ಕೆಳಗಿದೆ.

ನಾನು ಉದಯಗಿರಿಯ ಟೈಲರ್ ಅಂಗಡಿಯಲ್ಲಿ ಕೆಲಸ ಕೇಳಲು ಹೋಗುತ್ತಿದ್ದೇನೆ. ಬೈಯಬೇಡ.

ಒಂದು ಮಾತ್ರ ನನಗಿನ್ನೂ ಗೊತ್ತಾಗಿಲ್ಲ. ನಿನ್ನ ಕುರ್ಚಿಯಲ್ಲಿ ಕೂತು ಕತ್ತೆತ್ತಿದರೆ ಕಿಟಕಿಯಲ್ಲಿ ಇಡೀ ಚಾಮುಂಡಿಬೆಟ್ಟ ಕಾಣುತ್ತದೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನೀನು ಅದನ್ನು ಹೇಳಲಿಲ್ಲ. ನೋಡಲು ಬಿಡುವೇ ಇರಲಿಲ್ಲವಾ, ಇಲ್ಲ ನಿನಗೊಬ್ಬಳಿಗೇ ಇರಲಿ ಅಂತ ಇಟ್ಟುಕೊಂಡಿದ್ದೆಯಾ?

ವರ್ಷಿಣಿ