ಒಳಗಿನಿಂದ ಹಾಕಿದ ಬಾಗಿಲು

೪ ಫೆಬ್ರುವರಿ ೧೯೩೯, ಹಿರೇಕೆರೂರು, ಸಂಜೆ

ಇವತ್ತೂ ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನೆಲ್ಲ ಜಬಾನಿಯಾಗಿ ಬರೆದು ಬರೆದು ಬೆರಳು ನೋವು. ದನದ ತಂಟೆ, ಬಣವಿಗೆ ಬೆಂಕಿ... ಅದೇ ರಾಮಾಯಣ. ಮನೆಯಲ್ಲಿ ಮಾತ್ರ ಹಬ್ಬ. ಮಗಳು ಗೋಪಿಕಾ ಸವಣೂರಿನ ಗಂಡನ ಮನೆಯಿಂದ ಬಂದಿದ್ದಾಳೆ. ಹದಿನೈದು ದಿನ ಇಟ್ಟುಕೊಂಡು ಕಳಿಸುವುದು. ಮೈ ತುಂಬಿಕೊಂಡಿದ್ದಾಳೆ. ಅತ್ತೆಯನ್ನು ಅಣಕಿಸಿ ತೋರಿಸಿದಳು; ನನ್ನ ಹೆಂಡತಿ ವಿಮಲಾ ನಕ್ಕು ನಕ್ಕು ಒಲೆಯ ಮೇಲಿನ ಹಾಲು ಉಕ್ಕಿಸಿದಳು.

೭ ಫೆಬ್ರುವರಿ

ಚಿಕ್ಕೇರೂರಿನ ಖೂನಿ ಕೇಸು ಸುರುವಾಯಿತು. ಗಂಡನೇ ಆರೋಪಿ. ಸತ್ತವಳು ಅಡಿವೆವ್ವ, ವಯಸ್ಸು ಹತ್ತೊಂಬತ್ತು — ನಮ್ಮ ಗೋಪಿಕಾಳ ವಯಸ್ಸೇ. ತಾಯಿ ಹೊನ್ನವ್ವ ಸಾಕ್ಷಿ ಹೇಳಿದಳು. ಅಳಲಿಲ್ಲ. ಗೋಡೆ ನೋಡುತ್ತ ಹೇಳಿದಳು.

"ರೊಟ್ಟಿ ಒಯ್ದಿದ್ದೆನ್ರಿ. ಬಾಗಲಾ ಒಳಗಿಂದ ಹಾಕಿತ್ತು. ಗಂಡಾ ಹೆಂಡ್ತಿ ಮಲಗ್ಯಾರ, ಯಾಕ ಎಬ್ಬಸೂದು ಅಂತ ಹೊಳ್ಳಿ ಬಂದ್ನಿರಿ. ಆವಾಗಿನ್ನಾ ಜೀವಾ ಇತ್ತಂತ್ರಿ. ಡಾಕ್ಟರ್ ಸಾಹೇಬ್ರು ಹೇಳಿದ್ರು."

ಬರೆದ ಮೇಲೆ ಸಾಕ್ಷಿಗೆ ಓದಿ ಹೇಳಬೇಕು, ಒಪ್ಪಿಸಿಕೊಂಡು ಹೆಬ್ಬೆಟ್ಟು ಒತ್ತಿಸಬೇಕು. ಕಾಯದೆ. ಬರೆಯುವುದೂ ಅವರ ಬಾಯಿಂದಲೇ — ನಾನು, ನನ್ನ ಎಂದು. ಇಷ್ಟು ವರ್ಷ ಕಳ್ಳನಾಗಿ, ವಿಧವೆಯಾಗಿ, ಬಣವಿ ಕಳೆದುಕೊಂಡವನಾಗಿ ಓದಿದ್ದೇನೆ, ನಾಲಿಗೆ ತೊದಲಿಲ್ಲ. ಇವತ್ತು "ನನ್ನ ಮಗಳ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು, ಮಲಗಿರಬಹುದೆಂದು ತಿರುಗಿ ಬಂದೆನು" ಎಂದು ಓದುವಾಗ ಅರ್ಧಕ್ಕೇ ನಿಲ್ಲಿಸಬೇಕಾಯಿತು. ನೀರು ಕುಡಿದು ಮತ್ತೆ ಓದಿದೆ.

ಹೊನ್ನವ್ವ ನನ್ನನ್ನೇ ನೋಡಿ, "ನಿಮಗೂ ಹೆಣ್ಮಕ್ಕಳದಾರೇನ್ರಿ?" ಅಂದಳು. ಮ್ಯಾಜಿಸ್ಟ್ರೇಟ್ ರಾವಸಾಹೇಬರು ಮೇಜು ಕುಟ್ಟಿದರು.

ಹೊರಗೆ ಜೊತೆಯ ಕಾರಕೂನ ಉಳವಪ್ಪ ನಶ್ಯದ ಡಬ್ಬಿ ಚಾಚಿದ. "ಓದಿ ಬಿಟ್ಟುಬಿಡ್ರಿ ರಾಯರ. ಸತ್ತಾಕಿ ನಿಮ್ಮ ಮಗಳೇನ್ರಿ?"

ಅವನದು ನಶ್ಯ. ನನ್ನದು ತಣ್ಣೀರು — ಖೂನಿ ಕೇಸಿದ್ದ ದಿನ ಬಾವಿಕಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡು ಮನೆಯೊಳಗೆ ಬರುವುದು, ಸೂತಕ ಕಳೆದ ಹಾಗೆ. ಅದರಿಂದಲೇ ಇಷ್ಟು ವರ್ಷ ನಡೆದಿತ್ತು. ಇವತ್ತು ಎಷ್ಟು ಸುರಿದುಕೊಂಡರೂ ಹೋಗಲಿಲ್ಲ.

೮ ಫೆಬ್ರುವರಿ, ಬೆಳಿಗ್ಗೆ

ಗೋಪಿಕಾಳ ಮೊಣಕೈ ಹತ್ತಿರ ಕಪ್ಪು ಕಲೆ. ಕೇಳಿದೆ. ಬೀಸುಕಲ್ಲಿನ ಗೂಟ ತಗಲಿತು ಅಂದಳು. ಯಾವತ್ತು? ಆಗ ಯಾರಿದ್ದರು? ಗಂಡ ಮಧ್ವೇಶ ಎಲ್ಲಿದ್ದ?

"ಅಪ್ಪಾ, ಇದೇನು ಕೋರ್ಟೇನು?" ಅಂತ ನಕ್ಕಳು. ಸುಳ್ಳು ಹೇಳುವ ಸಾಕ್ಷಿಗಳೂ ನಗುತ್ತಾರೆ.

೨೪ ಫೆಬ್ರುವರಿ

ಕಳಿಸುವ ದಿನ ದಾಟಿತು. ಮೊದಲು ಅಮಾವಾಸ್ಯೆ ಅಂದೆ. ಆಮೇಲೆ ನನಗೆ ಮೈ ನೆಟ್ಟಗಿಲ್ಲ ಅಂದೆ. ಅಳಿಯ ಮಧ್ವೇಶ ಒಳ್ಳೆಯ ಹುಡುಗ, ಸ್ಕೂಲ್ ಮಾಸ್ತರ. ಆದರೆ ಚಿಕ್ಕೇರೂರಿನವನನ್ನೂ ಊರೆಲ್ಲ ಒಳ್ಳೆಯವನೆಂದೇ ಹೇಳಿತು. ಆ ಜಬಾನಿಗಳನ್ನೂ ನಾನೇ ಓದಿದೆ.

ವಿಮಲಾ ರೇಗಿದಳು. "ಚೊಲೋ ಸಂಸಾರ ಮಾಡೋ ಹುಡಿಗೀನ ಯಾಕ ಹಿಡದಿಟ್ಟೀರಿ? ಬೀಗರು ಏನ್ ತಿಳಕೋಬೇಕು?"

ಭಯ. ಬರೀ ಭಯ. ಇವಳಿಗೆ ಹೇಳುವಂಥ ಕಾರಣ ಒಂದೂ ಇಲ್ಲ.

೫ ಮಾರ್ಚ್

ಮಧ್ವೇಶ ತಾನೇ ಕರೆದೊಯ್ಯಲು ಬಂದ. ಎಲೆ ಹಾಕಿ ಬಡಿಸಿದರು. ನಾನು ಎದುರಿಗೆ ಕೂತು ಕೇಳತೊಡಗಿದೆ. ಸಿಟ್ಟು ಬಂದರೆ ಏನು ಮಾಡುತ್ತೀ? ಹೆಂಡತಿ ಎದುರು ಮಾತಾಡಿದರೆ? ಪಾಪ, ಚೇಷ್ಟೆ ಅಂದುಕೊಂಡು ನಗುನಗುತ್ತ ಹೇಳಿದ. ಕೈಗೆ ಕಾಗದ ಯಾವಾಗ ಬಂತೋ. ಬರೆದೆ. ಅವನು ಊಟ ಮುಗಿಸುವುದರೊಳಗೆ ಓದಿಯೂ ಬಿಟ್ಟೆ — "ನಾನು ನನ್ನ ಹೆಂಡತಿಯ ಮೇಲೆ ಕೈ ಮಾಡಿರುವುದಿಲ್ಲ. ಓದಿ ಹೇಳಿದ್ದನ್ನು ಕೇಳಿ, ಖರೆ ಇದೆ ಎಂದು ಒಪ್ಪಿರುತ್ತೇನೆ." ಸಹಿ ಮಾಡು ಅಂದೆ.

ಮಜ್ಜಿಗೆ ಅನ್ನ ಎಲೆಯಲ್ಲೇ ಬಿಟ್ಟು ಎದ್ದ. "ನಾ ಆರೋಪಿ ಅಂತ ಗೊತ್ತಿರಲಿಲ್ಲ, ಮಾವನವರ." ಒಬ್ಬನೇ ಹೋದ.

ಗೋಪಿಕಾ ಕಾಗದ ಕಸಿದು ಹರಿದಳು. "ಸತ್ತಾಕಿ ಆ ಚಿಕ್ಕೇರೂರಿನಾಕಿ, ಅಪ್ಪಾ. ನಾ ಜೀವಂತ ಇದ್ದೇನಿ. ನನ್ನ ಸಂಸಾರ ಯಾಕ ಕೊಲ್ಲಾಕತ್ತಿ?"

ಏನು ಮಾಡಿಬಿಟ್ಟೆ! ನಾಚಿಕೆಯಿಂದ ಸಾಯುವಂತಾಗಿದೆ.

೧೧ ಮಾರ್ಚ್, ಸವಣೂರು, ಮಧ್ಯಾಹ್ನ

ಗೋಪಿಕಾಳನ್ನು ಮೋಟಾರಿನಲ್ಲಿ ಕರೆತಂದೆ. ಅವಳ ಅತ್ತೆ ಕೃಷ್ಣಾಬಾಯಿಯವರಿಗೆ ಕೈ ಮುಗಿದು ತಪ್ಪಾಯಿತು ಅಂದೆ. ಎಲೆಗೆ ಸುಣ್ಣ ಸವರುತ್ತ ಹೇಳಿದರು.

"ಹುಡಿಗಿ ನಮ್ಮಾಕಿ, ಇರಲಿ. ಇನ್ನೊಮ್ಮೆ ನನ್ನ ಮಗನ ಮ್ಯಾಲೆ ಸಂಶೆ ತಗದ್ರ ಮಾತ್ರ ಆಕೀನ ಕಾಯಂ ಕರಕೊಂಡು ಹೋಗಿಬಿಡ್ರಿ."

ಒಪ್ಪಿದೆ. ಬೇರೆ ದಾರಿ ಇತ್ತೇ?

ಮಧ್ವೇಶ ನನ್ನತ್ತ ನೋಡಲೂ ಇಲ್ಲ. "ಮಾತಾಡೂದದ, ಬಾ" ಅಂತ ಅವಳನ್ನು ಕೋಣೆಗೆ ಕರೆದ. ಅಗಳಿ ಹಾಕಿದ ಸದ್ದು. ನಾನು ಪಡಸಾಲೆಯಲ್ಲಿ ಇದನ್ನು ಬರೆಯುತ್ತ ಕೂತಿದ್ದೇನೆ, ಕೈಗೊಂದು ಕೆಲಸ ಇರಲಿ ಅಂತ. ಕೃಷ್ಣಾಬಾಯಿಯವರು ಎದುರಿಗೆ ಎಲೆ ಅಡಿಕೆಯ ತಟ್ಟೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾರೆ.

ಮೊದಲು ಗೋಪಿಕಾಳ ಅಳು ಕೇಳಿಸುತ್ತಿತ್ತು. ಈಗ ಇಲ್ಲ. ರಾಜಿ ಆಗಿರಬೇಕು. ಆಗಿರುತ್ತದೆ. ಹೋಗಿ ತಟ್ಟಿದರೆ ಅವಳ ಸಂಸಾರ ಇಲ್ಲಿಗೇ ಮುಗಿಯಿತು. ತಟ್ಟುವುದಿಲ್ಲ. ಸುಮ್ಮನೆ ಕೂತಿರುತ್ತೇನೆ.

ಇನ್ನೂ ದನಿ ಇಲ್ಲ...

"ಕುಂಡ್ರಿ, ರಾಯರ," ಅನ್ನುತ್ತಿದ್ದಾರೆ ಕೃಷ್ಣಾಬಾಯಿಯವರು. ನಾನು ಎದ್ದು ನಿಂತದ್ದು ಯಾವಾ—