ಬೀಗ ಹಾಕದ ನೆನಪು

ಅಕ್ಟೋಬರ್ ೯, ಬುಧವಾರ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದೆ, ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಶ್ವೇತಭವನದಲ್ಲಿ ಅಡುಗೆಯವಳಾಗಿದ್ದ ಕಾಲದ ನನ್ನ ನೆನಪುಗಳನ್ನು, ಆಗಿನ ನಮ್ಮ ಅಧ್ಯಕ್ಷರ ಹೆಸರಿನಲ್ಲಿರುವ ಗ್ರಂಥಾಲಯದವರು ಧ್ವನಿಮುದ್ರಿಸಿಕೊಂಡಿದ್ದಾರೆ.

"ಮಿಸ್ ಡೆಲ್ಫೀನ್, ಜನ ಈಗ್ಲೇ ಕೇಳ್ಬೋದಾ, ಇಲ್ಲ ಇಪ್ಪತ್ತೈದು ವರ್ಷ ಬೀಗ ಹಾಕಿಡ್ಲಾ?" ಎಂದಳು ಅಲ್ಲಿನ ವರ್ಲೀನ್.

"ಆಗ ನಂಗೆ ನೂರಾ ಆರು ಕಣೇ. ಬೀಗ ತೆಗ್ಯೋಕೆ ನಾನೇ ಬರ್ಲಾ?" ಎಂದೆ.

ಆಗ ದಿನಾ ಬೆಳಿಗ್ಗೆ ಅಧ್ಯಕ್ಷರು ಅಡುಗೆಮನೆಗೇ ಬಂದು, ಕಪ್ಪಗೆ ಸುಟ್ಟ ಬ್ರೆಡ್ಡೇ ಬೇಕೆನ್ನುತ್ತಿದ್ದರು. ಎಂಥ ಬೆಳಗುಗಳವು!

ಯುದ್ಧ ಸಾರಿದ ದಿನ ಅವರ ಕೈ ನಡುಗಲಿಲ್ಲವೆಂದು ಗ್ರಂಥಾಲಯದ ಫಲಕ ಹೇಳುತ್ತದೆ. ಆ ಬೆಳಿಗ್ಗೆ ಬೆಣ್ಣೆ ಸವರಲಾಗದೆ ಚಾಕು ಕೆಳಗಿಟ್ಟರು; ನಾನೇ ಸವರಿಕೊಟ್ಟೆ. "ಯಾರಿಗೂ ಹೇಳ್ಬೇಡಮ್ಮ" ಎಂದರು. ನಲವತ್ತು ವರ್ಷ ಹೇಳಲಿಲ್ಲ.

ಇಂದು 'ಈಗಲೇ' ಎಂಬಲ್ಲಿ ಗುರುತು ಹಾಕಿದೆ. ಆ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಕೆಲವು ತಾಯಂದಿರು ಇನ್ನೂ ಇದ್ದಾರೆ. ಕ್ಷಮಿಸಿ ಸಾರ್, ಆ ಕೈ ನಡುಗಿತ್ತೆಂದು ಅವರಿಗೂ ತಿಳಿಯಲಿ.