ನೆಗ್ಗಿಲು ಬೀಜ

ತಿ. ನರಸೀಪುರ, ೧೯೦೯

ಕವಲಂದೆಯ ಮಾವನವರ ಪಾದಗಳಿಗೆ ನಮಸ್ಕಾರ.

ನಿಮ್ಮ ಬಿ.ಎ. ಅಳಿಯ ಈಗ ತೋಟಗಾರ. ಬೆಳೆಯುವುದು ಮಾತ್ರ ಕಳೆ.

ಪ್ಲೇಗಿನಲ್ಲಿ ಹೋದ ಕೂಸನ್ನು ತೋಟದಲ್ಲೇ ಮಣ್ಣು ಮಾಡಿದೆವಲ್ಲ, ಅಲ್ಲಿ ಗರಿಕೆ ಹಬ್ಬಿಸಿದ್ದೆ. “ಕೂಸು ಮಲಗೋ ಜಾಗ, ಮೆತ್ತಗಿರ್ಲಿ ಕಣ್ರೀ” ಎಂದಿದ್ದಳು ನಿಮ್ಮ ಮಗಳು ಗುರುಸಿದ್ದಮ್ಮ. ಆದರೆ ನರಿಗಳು ಎರಡು ಸಲ ಕೆದಕಿವೆ. ಒಂದಿಷ್ಟು ನೆಗ್ಗಿಲು ಬೀಜ ಬೇಕು. ನೆಲಕ್ಕಂಟಿ ಹಬ್ಬುತ್ತದೆ, ಹಳದಿ ಹೂವೂ ಬಿಡುತ್ತದೆ. ಮುಳ್ಳಂತೂ ಅತ್ತೆಯವರ ಮಾತಿನಷ್ಟೇ ಚುರುಕು.

ಅವಳು ಊಟ ಬಿಟ್ಟಿದ್ದಾಳೆ. ದಿನವಿಡೀ ಆ ಗರಿಕೆಯ ಮೇಲೆಯೇ ಮಲಗಿರುತ್ತಾಳೆ. ಕರೆದರೆ, “ಸುಮ್ಕಿರಿ, ಕೂಸು ಎದ್ದೀತು” ಅನ್ನುತ್ತಾಳೆ.

ಬೀಜ ಹಿಡಿದು ನೀವೇ ಬನ್ನಿ, ಅವಳನ್ನು ಕರೆದುಕೊಂಡು ಹೋಗಿ. ನೆಗ್ಗಿಲು ಪೂರ್ತಿ ಹಬ್ಬುವ ತನಕ ಕಳಿಸಬೇಡಿ. ಮುಳ್ಳೇಕೆಂದು ಅವಳು ಕೇಳಿದರೆ, ನರಿಗಳಿಗೆಂದು ಮಾತ್ರ ಹೇಳಿ.

ನಿಮ್ಮ ಅಳಿಯ,
ಚಿಕ್ಕಲಿಂಗಯ್ಯ